ಹಾಡು ಹಾಕಿದರೆ ಕೈಕೊಡುವ ಕ್ರೂಸ್

ನನ್ನ ಅಕ್ಕನಿಗೆ ಬಸ್ಸು ಆಗಿಬರುವುದಿಲ್ಲ. ಗುಡಿಬಂಡೆ ಹತ್ತಿರದ ನಮ್ಮೂರಿನಿಂದ ಮಡಕಶಿರಾ ಮುಟ್ಟುವಷ್ಟರಲ್ಲಿ ಅವಳ ಮುಖ ಸೋರೆಕಾಯಿ ಬಣ್ಣಕ್ಕೆ ತಿರುಗುತ್ತದೆ. ಮುಂದಿನದನ್ನು ಪಕ್ಕದಲ್ಲಿ ಕೂತವರೇ ಹೇಳಬೇಕು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತು ಎಷ್ಟು ದೂರ ಹೋದರೂ ಅವಳಿಗೆ ಏನೂ ಆಗುವುದಿಲ್ಲ. ಬಸ್ಸಿನವರು ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುವುದರಿಂದಲೇ ತನ್ನ ಹೊಟ್ಟೆ ತೊಳಸುತ್ತದೆ ಎಂಬುದು ಅವಳ ವಾದ. ರಾಯದುರ್ಗದಲ್ಲಿ ನಾನು ಮನೆ ಮಾಡಿ, ಮನೆಯ ಮುಂಭಾಗದಲ್ಲೇ ಎಂಟು ಮಷಿನು ಹಾಕಿ ಜೀನ್ಸ್ ಹೊಲಿಯುವ ಸ್ವಂತ ಯೂನಿಟ್ ಶುರು ಮಾಡಿದಾಗ ಪೂಜೆಗೆಂದು ಹೊರಡುವುದೇನೋ ಹೊರಟಳು. ಪಾವಗಡದಲ್ಲಿ ಇಳಿದು ಫೋನ್ ಮಾಡಿದಳು. “ಇನ್ನೂ ಮುಂದಕ್ಕೆ ಬಂದ್ರೆ ನನ್ನ ಕರುಳೇ ಆಚೆಗೆ ಬತ್ತದೆ ಕಣಪ್ಪ. ನೀವೇ ಪೂಜೆ ಮುಗಿಸ್ಕಳಿ.”

ನಾನು ರಾಯದುರ್ಗಕ್ಕೆ ಬಂದು ಹದಿನಾಲ್ಕು ವರ್ಷವಾದರೂ ಅಕ್ಕ ನನ್ನ ಮನೆ ನೋಡಿರಲಿಲ್ಲ. ಅಮ್ಮ ಕೂಲಿಗೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಬೇರೆಯವರ ಯೂನಿಟ್ಟಿನಲ್ಲಿ ಜೇಬು ಹೊಲಿಯುತ್ತಿದ್ದ ತಮ್ಮ ಈಗ ಎಂಟು ಜನಕ್ಕೆ ಕೆಲಸ ಕೊಟ್ಟಿದ್ದಾನೆ ಎಂಬುದನ್ನು ಅವಳು ಕಣ್ಣಾರೆ ನೋಡಬೇಕು, ಇದೊಂದೇ ನನ್ನ ಆಸೆ. ಊರೆಲ್ಲ ಹೊಗಳಿದರೂ ಅವಳು “ಪರವಾಗಿಲ್ಲ ಕಣೋ” ಅನ್ನದ ಹೊರತು ನನಗೆ ಸಮಾಧಾನವಿರಲಿಲ್ಲ.

ಹಾಗಾಗಿ ಬಳ್ಳಾರಿಯಲ್ಲಿ ಒಂದು ಹಳೆಯ ಕಾರು ನೋಡಲು ಹೋದಾಗ, ಮಾರುವವನು “ಇದರಾಗ ಕ್ರೂಸ್ ಐತ್ರಿ” ಅಂದದ್ದೇ ತಡ, ನಾನು ಟೈರು ಕೂಡ ನೋಡಲಿಲ್ಲ. ಸ್ಟೇರಿಂಗಿನ ಮೇಲೆ ಒಂದು ಗುಂಡಿ. ಅರವತ್ತರಲ್ಲಿ ಹೋಗುವಾಗ ಅದನ್ನು ಒತ್ತಿ ಕಾಲು ತೆಗೆದರೆ ಕಾರು ತಾನೇ ಅರವತ್ತರಲ್ಲಿ ಹೋಗುತ್ತದೆ, ಏರಿಳಿತವಿಲ್ಲ, ಜಗ್ಗಾಟವಿಲ್ಲ. ಬ್ರೇಕು ಮುಟ್ಟಿದರೆ ಬಂದ್ ಆಗುತ್ತದೆ. ಅಕ್ಕನ ಹೊಟ್ಟೆಗೆಂದೇ ಯಾರೋ ಪುಣ್ಯಾತ್ಮರು ಕಂಡುಹಿಡಿದ ಹಾಗಿತ್ತು. ಜೊತೆಗೆ ಡಿಕ್ಕಿಯಲ್ಲಿ ದೊಡ್ಡ ಸ್ಪೀಕರು.

ಕಾರು ಬಂದ ಮರುದಿನವೇ ರೋಗ ಕಾಣಿಸಿಕೊಂಡಿತು. ಖಾಲಿ ರಸ್ತೆಯಲ್ಲಿ ಕ್ರೂಸ್ ಒತ್ತಿದೆ, ಕಾರು ಎಣ್ಣೆಯ ಮೇಲೆ ಜಾರಿದ ಹಾಗೆ ಹೊರಟಿತು. ಖುಷಿಯಲ್ಲಿ ಹಾಡು ಹಾಕಿದೆ. ಪಲ್ಲವಿ ಮುಗಿಯುವುದರೊಳಗೆ ಕಾರು ಒಂದು ಸಲ ಮುಗ್ಗರಿಸಿತು, ಕ್ರೂಸಿನ ದೀಪ ಆರಿತು. ಮತ್ತೆ ಒತ್ತಿದೆ, ಮತ್ತೆ ಮುಗ್ಗರಿಸಿತು. ಹಾಡು ನಿಲ್ಲಿಸಿದರೆ ಏನೂ ತಕರಾರಿಲ್ಲ. ಒಂದು ವಾರ ಇದನ್ನೇ ಪರೀಕ್ಷೆ ಮಾಡಿದೆ. ಕುಣಿತದ ಹಾಡಿಗೆ ಕ್ರೂಸ್ ತಕ್ಷಣ ಆರಿಹೋಗುತ್ತಿತ್ತು. ದೇವರ ಹಾಡಿಗೆ ಸ್ವಲ್ಪ ಮರ್ಯಾದೆ ಕೊಟ್ಟು, ತಬಲಾ ಶುರುವಾದ ಮೇಲೆ ಹೋಗುತ್ತಿತ್ತು. ತೆಲುಗು ವಾರ್ತೆ ಹಾಕಿದರೆ ಮಾತ್ರ ಕೊನೆಯವರೆಗೂ ನಿಯತ್ತಾಗಿ ಓಡುತ್ತಿತ್ತು. ಹದಿನಾಲ್ಕು ವರ್ಷದ ಮೇಲೆ ಬರುವ ಅಕ್ಕನನ್ನು ಮಾರುಕಟ್ಟೆ ಧಾರಣೆ ಕೇಳಿಸಿಕೊಂಡು ಕರೆತರಲಾದೀತೆ? ಸ್ಪೀಕರಿನ ವೈರ್‌ಗೂ ಕ್ರೂಸಿನ ವೈರ್‌ಗೂ ಎಲ್ಲೋ ಜಗಳ ಬಿದ್ದಿದೆ ಎಂದು ತೀರ್ಮಾನಿಸಿ ರಾಯದುರ್ಗದ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ.

ಅವನು ಇಡೀ ದಿನ ಡ್ಯಾಶ್‌ಬೋರ್ಡ್ ಬಿಚ್ಚಿ ಹರವಿಕೊಂಡು ಕೂತ. ಸಂಜೆ ಹಾಡು ಜೋರಾಗಿ ಹಾಕಿ ತಾನೇ ಕಾರು ಓಡಿಸಿದ. ಹೋಗುವಾಗ ಮೂರು ಹಾಡು, ಬರುವಾಗ ಮೂರು ಹಾಡು, ಕ್ರೂಸ್ ಅಲ್ಲಾಡಲಿಲ್ಲ.

“ಗಾಡಿಗೆ ಏನೂ ಆಗಿಲ್ರಿ,” ಅಂದ.

“ನಾನು ಕೂತ್ರ ಯಾಕ ಹೋಗ್ತದ ಮತ್ತ?”

“ಅದನ್ನ ನೀವೇ ಹೇಳ್ಬೇಕ್ರಿ. ಬ್ರೇಕ್ ಮುಟ್ತೀರೇನು?”

ನನಗೆ ಸಿಟ್ಟು ನೆತ್ತಿಗೇರಿತು. ಹದಿನಾಲ್ಕು ವರ್ಷ ಮಷಿನ್ ತುಳಿದವನು ನಾನು, ನನ್ನ ಕಾಲು ಎಲ್ಲಿದೆ ಅಂತ ನನಗೇ ಗೊತ್ತಿಲ್ಲವೆ? ಕೆಲಸ ಬಾರದವರು ಗಿರಾಕಿಯ ಮೇಲೆ ಹಾಕುತ್ತಾರೆ ಎಂದು ಗೊಣಗುತ್ತಾ ಮನೆಗೆ ಬಂದೆ.

ಕೊನೆಗೆ ಧೈರ್ಯ ಮಾಡಿ ಹೆಂಡತಿಯ ಜೊತೆ ಊರಿಗೆ ಹೋಗಿ, ಮರುದಿನ ನಸುಕಿನಲ್ಲೇ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು. ರಾಯದುರ್ಗದವಳಾದ ನನ್ನ ಹೆಂಡತಿ ನಿಂಬೆಹಣ್ಣು, ನೀರು, ಒಂದು ಕಟ್ಟು ಪ್ಲಾಸ್ಟಿಕ್ ಕವರು ಹಿಡಿದು ಹಿಂದೆ ಕೂತಳು. ಪಾವಗಡದ ತನಕ ಬರೀ ಹಂಪುಗಳು, ಕ್ರೂಸಿನ ಮಾತೇ ಇಲ್ಲ. ಅಕ್ಕ ಕಿಟಕಿ ಇಳಿಸಿ, ಕಣ್ಣು ಮಿಟುಕಿಸದೆ ರಸ್ತೆ ನೋಡುತ್ತಾ ಕೂತಿದ್ದಳು. ಪಾವಗಡ ದಾಟಿತು. ಅವಳು ಇಳಿಯಲಿಲ್ಲ! ನನ್ನ ಸಂತೋಷ ಹಿಡಿಯಲಾಗಲಿಲ್ಲ. ರಸ್ತೆ ನೇರವಾದ ಕೂಡಲೇ ಗುಂಡಿ ಒತ್ತಿದೆ. “ನೋಡಕ್ಕ, ಇನ್ನು ಕಾರೇ ನಿನ್ನನ್ನ ಕರ್ಕೊಂಡು ಹೋಗುತ್ತೆ,” ಎಂದು ಜಂಬ ಕೊಚ್ಚಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಇಂಥ ದಿನ ಹಾಡಿಲ್ಲದಿದ್ದರೆ ಹೇಗೆ ಎನಿಸಿ ಅದನ್ನೂ ಹಾಕಿದೆ.

ಕಾರು ಮುಗ್ಗರಿಸಿತು. ಮತ್ತೆ ಒತ್ತಿದೆ. ಮತ್ತೆ ಮುಗ್ಗರಿಸಿತು. ಮೂರನೆಯ ಸಲಕ್ಕೆ ಅಕ್ಕ ಹೆಂಡತಿಯ ಕೈಯಿಂದ ಕವರು ಕಿತ್ತುಕೊಂಡು, ಮೊಣಕಾಲುಗಳ ನಡುವೆ ತಲೆ ತಗ್ಗಿಸಿದಳು. ಇಷ್ಟೆಲ್ಲ ಮಾಡಿಯೂ ಇಲ್ಲಿಗೇ ಮುಗಿಯಿತಲ್ಲ ಎಂದು ನನಗೆ ಅಳುವೇ ಬಂತು.

ತಲೆ ತಗ್ಗಿಸಿದವಳು ಹಾಗೇ ಇದ್ದಳು. ವಾಂತಿಯ ಸದ್ದಿಲ್ಲ.

“ನಿಲ್ಸ್ಲಾ,” ಅಂದಳು.

ಹುಣಸೆಮರದ ಕೆಳಗೆ ನಿಲ್ಲಿಸಿದೆ. ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. “ನಿನ್ ಕಾಲು ನೋಡ್ಕಳೋ. ಹೊಲೀತಾ ಅದೆ.”

ಕಾರು ನಿಂತಿತ್ತು, ಹಾಡು ಇನ್ನೂ ನಡೆದಿತ್ತು. ಬಗ್ಗಿ ನೋಡಿದೆ. ನನ್ನ ಬಲಗಾಲು ಬ್ರೇಕಿನ ಮೇಲೆ ತಾಳಕ್ಕೆ ಸರಿಯಾಗಿ ಕುಟ್ಟುತ್ತಿತ್ತು. ಎರಡು ಮೆಲ್ಲನೆಯ ಕುಟ್ಟು, ಒಂದು ಗಟ್ಟಿ ಒತ್ತು: ಹಿಂದಿನ ಜೇಬಿನ ಮೂಲೆ ತಿರುಗಿಸುವಾಗ ಮಷಿನಿನ ಪೆಡಲ್ ತುಳಿಯುವ ಲೆಕ್ಕ. ನಮ್ಮ ಯೂನಿಟ್ಟುಗಳಲ್ಲಿ ಬೆಳಿಗ್ಗೆಯಿಂದ ಹಾಡು ಕೂಗುತ್ತಿರುತ್ತದೆ. ಊಟವಾದ ಮೇಲೆ ಕೈ ನಿಧಾನವಾಗದಿರಲಿ ಎಂದು ಮಾಲೀಕರು ಬೇಕೆಂದೇ ಕುಣಿತದ ಹಾಡು ಹಾಕುತ್ತಾರೆ. ಈಗ ನಾನೂ ಹಾಕುತ್ತೇನೆ. ಹಾಡು ಓಡಿದಂತೆ ಕಾಲು ಓಡುತ್ತದೆ. ಎಲೆಕ್ಟ್ರಿಷಿಯನ್ ಪಾಪ ಜೀವಮಾನದಲ್ಲಿ ಒಂದು ಜೇಬು ಹೊಲಿದವನಲ್ಲ, ಅವನ ಕಾಲು ತಣ್ಣಗಿತ್ತು. ವಾರ್ತೆಗೆ ಯಾರೂ ಪ್ಯಾಂಟು ಹೊಲಿಯುವುದಿಲ್ಲ.

ಹಿಂದೆ ಹೆಂಡತಿ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. “ನಿದ್ದಿಯೊಳಗೂ ಹಿಂಗೇ ರಿ ಅಕ್ಕಾರ. ನನ್ನ ಮೊಣಕಾಲಿಗೆ ಎಷ್ಟು ಜೇಬು ಹೊಲದಾರೋ ಲೆಕ್ಕಿಲ್ಲ.”

“ಮೊದಲೇ ಹೇಳಬಾರದಿತ್ತೇನ?” ಎಂದು ರೇಗಿದೆ.

“ನೀವು ಕಾರಿನ ವೈರ್ ಕೇಳಿದ್ರಿ, ಕಾಲಿನ ಸುದ್ದಿ ಎಲ್ಲಿ ಕೇಳಿದ್ರಿ?”

ಅಕ್ಕ ಹಾಡು ನಿಲ್ಲಿಸಲು ಹೇಳಿದಳು. ಆಮೇಲೆ ಬಗ್ಗಿ ನನ್ನ ಹಿಮ್ಮಡಿಯನ್ನು ಹಿಡಿದು, ಬ್ರೇಕಿನ ಪಕ್ಕದ ನೆಲಕ್ಕೆ ಒತ್ತಿದಳು. ಹಿರಿಯಳು ಕಾಲು ಮುಟ್ಟಿದಳಲ್ಲ ಎಂದು ನಾನು ಬೆಚ್ಚಿ ಎಳೆದುಕೊಳ್ಳಹೋದೆ. “ಸುಮ್ಕಿರ್ಲಾ, ಈ ಕಾಲಿನ ಕೆಸರು ತೊಳೆದವಳು ನಾನೇಯ. ಇಲ್ಲೇ ಇರ್ಲಿ ಇದು. ಬೇಕಾದಾಗ ಮಾತ್ರ ಎತ್ತು,” ಅಂದಳು. ಕ್ರೂಸ್ ಉಪಯೋಗಿಸುವುದನ್ನು ನನಗೆ ಸರಿಯಾಗಿ ಹೇಳಿಕೊಟ್ಟವಳು ಬಸ್ಸು ಹತ್ತಲಾರದ ನನ್ನ ಅಕ್ಕ.

ಹಾಡಿನ ಬದಲು ಅವಳೇ ಮಾತಾಡಿದಳು. ಅರವತ್ತರ ಮುಳ್ಳು ಅಲ್ಲಾಡಲಿಲ್ಲ, ಮಾತೂ ನಿಲ್ಲಲಿಲ್ಲ. ಊರು ಬಂದರೆ ಕಾರು ನಿಧಾನ ಮಾಡುತ್ತಿದ್ದೆ, ದಾಟಿದ ಮೇಲೆ ಗುಂಡಿ ಒತ್ತುತ್ತಿದ್ದೆ. ಅವಳದೆಲ್ಲ ಊರಿನ ಸುದ್ದಿ: ಅರ್ಧ ಹಿಪ್ಪುನೇರಳೆ ಕಿತ್ತು ಕಡಲೆಕಾಯಿ ಹಾಕಿದ್ದು, ಭಾವನಿಗೆ ಸಕ್ಕರೆ ಕಾಯಿಲೆ ಬಂದಿದ್ದು, ಮನೆ ಮುಂದಿನ ಬೇವಿನಮರ ಗಾಳಿಗೆ ಬಿದ್ದು ಹಟ್ಟಿಯ ಗೋಡೆ ಮುರಿದಿದ್ದು.

“ಬೇವಿನಮರ ಬಿತ್ತಾ? ಯಾವಾಗ?”

“ಮೂರು ವರ್ಷ ಆಯ್ತಲ್ಲೋ.”

ಆ ವರ್ಷದಿಂದೀಚೆಗೆ ನಾನು ಯುಗಾದಿಗೂ ಹೋಗಿರಲಿಲ್ಲ. ಮೊದಲು ಯೂನಿಟ್ ಶುರು ಮಾಡುವ ಗಡಿಬಿಡಿ, ಆಮೇಲೆ ಆರ್ಡರುಗಳು. ಈ ಸಲ ಕರೆತರಲು ಹೋದಾಗಲೂ ಕತ್ತಲಲ್ಲಿ ತಲುಪಿ, ಬೆಳಕು ಹರಿಯುವ ಮೊದಲೇ ಹೊರಟಿದ್ದೆ.

ಕಲ್ಯಾಣದುರ್ಗ ದಾಟಿ, ರಾಯದುರ್ಗದ ಬೆಟ್ಟ ಕಂಡು, ನಮ್ಮ ಮನೆಯ ಮುಂದೆ ಕಾರು ನಿಂತಿತು. ಹೆಂಡತಿಯ ಕವರುಗಳು ಒಂದೂ ಖರ್ಚಾಗಿರಲಿಲ್ಲ. ಒಳಗೆ ಎಂಟು ಮಷಿನು ಸದ್ದು ಮಾಡುತ್ತಿದ್ದವು. ಅಕ್ಕ ಇಳಿದು ಸೀರೆ ಕೊಡವಿಕೊಂಡು ಬೋರ್ಡು ನೋಡಿದಳು, ಮನೆ ನೋಡಿದಳು, ನನ್ನನ್ನು ನೋಡಿದಳು. ಈಗ ಹೇಳುತ್ತಾಳೆ ಎಂದು ನಾನು ಎದೆ ಸೆಟೆಸಿ ನಿಂತೆ.

“ಹೊರಟು ಎಷ್ಟೊತ್ತಾಯ್ತು?”

“ನಾಲ್ಕು ಗಂಟೆ ಆಗಿಲ್ಲ ಅಕ್ಕ.”

“ಇಷ್ಟೇಯಾ ದೂರ?”

“ಇಷ್ಟೇ ನೋಡು!” ಎಂದೆ ಹೆಮ್ಮೆಯಿಂದ.

ಅಕ್ಕನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ನನಗಾದ್ರೆ ವಾಂತಿ ಕಣಪ್ಪ. ನಿನಗೇನಾಗಿತ್ತು?”

ನಾನು ಡಿಕ್ಕಿ ತೆಗೆದು, ಅವಳು ತಂದಿದ್ದ ಕಡಲೆಕಾಯಿ ಚೀಲ ಇಳಿಸತೊಡಗಿದೆ.