ಚಿನ್ನದ ತಕ್ಕಡಿಯ ಆಚಾರ್ರು

ಪುಟ್ಟಸ್ವಾಮಾಚಾರ್ರಿಗೆ ಪ್ರೋಗ್ರಾಮಿನಲ್ಲಿ ತಪ್ಪು ಸಿಕ್ಕಿತೆಂದರೆ ಹಬ್ಬ. ತೊಡೆ ತಟ್ಟಿ ಎದ್ದು, "ಸಿಕ್ಬುಡ್ತು ಕಣಮ್ಮಿ!" ಎಂದು ಪಾಂಡವಪುರದ ಪೇಟೆಬೀದಿಗೇ ಕೇಳುವಂತೆ ಕೂಗುತ್ತಿದ್ದರು. ಅಕ್ಕಸಾಲಿಗರ ಮನೆಯವರು, ಕುಲುಮೆ ಬಿಟ್ಟು ಕಂಪ್ಯೂಟರ್ ಕಲಿತವರು. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಸೆಂಟರಿನಲ್ಲಿ ನಾನು ಕೆಲಸಕ್ಕಿದ್ದೆ. ಕೀಬೋರ್ಡಿನ ಪಕ್ಕದಲ್ಲೇ ಅವರಪ್ಪನ ಚಿನ್ನದ ತಕ್ಕಡಿ ಇರುತ್ತಿತ್ತು.

ಸಂತೆಬಾಚಹಳ್ಳಿ ಕಡೆಯ ಒಂದು ಡೈರಿಗೆ ಹಾಲಿನ ಲೆಕ್ಕದ ಪ್ರೋಗ್ರಾಮು ಬರೆದುಕೊಟ್ಟಿದ್ದೆವು. ಅದೇ ನಮ್ಮ ಮೊದಲ ದೊಡ್ಡ ಕೆಲಸ. "ಒಬ್ರ ಲೆಕ್ಕ ತಪ್ಪುದ್ರೂ ಈ ಕಂಪ್ಯೂಟರ್ ಡಬ್ಬ ವಾಪಸ್ಸು" ಎಂದಿದ್ದರು ಅಧ್ಯಕ್ಷರು. ನಾವು ನೋಡಲು ಹೋದ ದಿನವೇ ಡೈರಿಗೆ ಹಾಲು ಹಾಕುವ ಜವರಮ್ಮ ಎಂಬಾಕೆ ಸೆರಗು ಸಿಕ್ಕಿಸಿಕೊಂಡು ಎದುರು ನಿಂತಳು.

"ನಮ್ಮೆಮ್ಮೆ ಆಲು ಬೆಳಿಗ್ಗೆ ಆರು ಫ್ಯಾಟು, ಸಂಜೆ ಏಳು. ಸರಾಸರಿ ಆರೂವರೆ ಆಗ್ಬೇಕು. ನಿಮ್ ಡಬ್ಬ ಆರೇ ಅಂತದೆ. ಅರ್ಧ ಯಾರು ಕುಡುದ್ರು?"

ನಾನು ಕಂಪ್ಯೂಟರ್ ಮುಂದೆ ಕೂತೆ. ಆಚಾರ್ರ ಕಣ್ಣು ಅರಳಿತು. "ಜವರವ್ವ, ಆರು ಪಾಯಿಂಟು ಸೊನ್ನೆ ಅನ್ನು!"

"ಅದ್ಯಾಕೆ? ಆರು ಅಂದ್ರೆ ಆರಲ್ವಾ?" ಎಂದು ಗೊಣಗಿಕೊಂಡೇ "ಆರು ಪಾಯಿಂಟು ಸೊನ್ನೆ" ಅಂದಳು. ಏಳಕ್ಕೂ ಸೊನ್ನೆ ಹಚ್ಚಿಸಿದರು. ನಾನು ಹಾಗೇ ಹೊಡೆದೆ. ಆರೂವರೆ ಬಂತು!

"ಸಿಕ್ಬುಡ್ತು!"

ಸರಾಸರಿಗೆ ಒಂದೇ ಹೆಸರಿನ ಎರಡು ಫಂಕ್ಷನ್ ಬರೆದಿದ್ದರು ಆಚಾರ್ರು. ಒಂದು ಪೂರ್ಣಾಂಕಕ್ಕೆ, ಇನ್ನೊಂದು ದಶಮಾಂಶಕ್ಕೆ. ಯಾವುದನ್ನು ಕರೆಯಬೇಕೆಂದು ಡೇಟಾಬೇಸು ಅಂಕಿಯ ಜಾತಿ ನೋಡಿ ತೀರ್ಮಾನಿಸುತ್ತದೆ. ಒಂದಾದರೂ ದಶಮಾಂಶವಿದ್ದರೆ ಇನ್ನೊಂದನ್ನೂ ಅದರ ಮಟ್ಟಕ್ಕೆ ಏರಿಸಿಕೊಳ್ಳುತ್ತದೆ. ನಮ್ಮ ಜನ ಆರಕ್ಕೆ ಆರೆನ್ನುವವರು, ಸೊನ್ನೆ ಹಚ್ಚುವವರಲ್ಲ. ಎರಡೂ ಪೂರ್ಣಾಂಕವೆಂದು ಅದು ಪೂರ್ಣಾಂಕದ್ದನ್ನೇ ಆರಿಸಿ, ಅರ್ಧವನ್ನು ಬಿಸಾಕಿತ್ತು.

"ಚಿನ್ನದ ತಕ್ಕಡೀಲಿ ಬೆಲ್ಲದ ಚೂರು ತೂಗ್ಬೋದು. ಬೆಲ್ಲದ ತಕ್ಕಡೀಲಿ ಚಿನ್ನ ತೂಗಕ್ಕಾಯ್ತದಾ? ಕಿತ್ತಾಕಮ್ಮಿ ಬೆಲ್ಲದ್ದ!" ಎಂದು ಕುಣಿದರು.

ಪೂರ್ಣಾಂಕದ ಫಂಕ್ಷನ್ ಅಳಿಸಿ, ಬರೀ ಆರು, ಬರೀ ಏಳು ಕೊಟ್ಟೆ. ಬೇರೆ ದಾರಿಯಿಲ್ಲದೆ ಡೇಟಾಬೇಸು ಎರಡನ್ನೂ ದಶಮಾಂಶಕ್ಕೆ ಏರಿಸಿತು. ಆರೂವರೆ! ಅಧ್ಯಕ್ಷರೇ ಟೀ ತರಿಸಿದರು. ಡಬ್ಬ ಅಲ್ಲೇ ಉಳಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಆಚಾರ್ರು ಕಂಡಕ್ಟರಿಗೂ ಈ ಕಥೆ ಹೇಳಿದರು.

ಕೆಲ ವರ್ಷಗಳ ಮೇಲೆ ಆಚಾರ್ರು ತೀರಿಕೊಂಡ ದಿನ ಜವರಮ್ಮ ಬಸ್ಸು ಹಿಡಿದು ಬಂದಳು. ತಲೆದೆಸೆಯಲ್ಲಿ ಕೂತು ಬಹಳ ಹೊತ್ತು ಅತ್ತಳು. ನನಗೂ ತಡೆಯಲಾಗಲಿಲ್ಲ.

"ಎಷ್ಟಾಗಿತ್ತವ್ವ ವಯಸ್ಸು?" ಎಂದು ಕೇಳಿದಳು.

"ಅರವತ್ತು" ಎಂದೆ.

ಅವಳು ಮೂಗೊರೆಸಿಕೊಂಡು ಆಚಾರ್ರ ಮುಖ ನೋಡಿದಳು.

"ಪಾಯಿಂಟು ಸೊನ್ನೆ" ಎಂದಳು.