ಸನ್ಯಾಸಿಯ ಎರಡನೆಯ ವಾಕ್ಯ

ಧಾರವಾಡದ ಸೌಂದರ್ಯಾ ಅಮೆರಿಕದ ಟೆಕ್ಸಸ್‌ನ ಇರ್ವಿಂಗ್‌ನಲ್ಲಿ ವಿಡಿಯೋ ಎಡಿಟಿಂಗ್ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಮೊದಮೊದಲು ಮದುವೆ, ಸೀಮಂತ, ಅರಂಗೇಟ್ರಂ. ಮದುಮಕ್ಕಳು ಬಾಡಿಗೆ ಕುದುರೆಯೇರಿ ಹೋಟೆಲಿನ ಪಾರ್ಕಿಂಗ್ ಲಾಟ್ ಸುತ್ತುವುದನ್ನು ನೋಡಿ ನೋಡಿ ಅವಳಿಗೆ ಮನುಷ್ಯರ ಮೇಲೆ ಹೆಚ್ಚೇನೂ ಗೌರವ ಉಳಿದಿರಲಿಲ್ಲ. ಉಳಿದಿದ್ದ ಚೂರುಪಾರನ್ನು ಪಾಸ್ಟರ್ ಡ್ವೇನ್ ಮುಗಿಸಿದ.

ಕಂಪನಿಯ ಮಾಲೀಕ ಮೈಸೂರಿನ ಚಂದ್ರಮೋಹನ. ದೇವಸ್ಥಾನದ ಉತ್ಸವ, ಚರ್ಚಿನ ಉಪದೇಶ ಎರಡನ್ನೂ ಒಂದೇ ಕ್ಯಾಮೆರಾದಲ್ಲಿ ತೆಗೆಸುತ್ತಿದ್ದ. “ನಮಗೆ ಎಲ್ಲ ದೇವ್ರೂ ಒಂದೇ ಕಣ್ರೀ, ಇನ್‌ವಾಯ್ಸ್ ಮಾತ್ರ ಬೇರೆ ಬೇರೆ” ಎನ್ನುವುದು ಅವನ ವೇದಾಂತ.

ಡ್ವೇನ್‌ನದು ಲೋಕಾಂತ್ಯದ ಚಾನೆಲ್. ಬೈಬಲಿನ ಕೊನೆಯ ಪುಸ್ತಕದಲ್ಲಿ ಬರುವ ಏಳು ತಲೆಯ ಮೃಗ, ಸಾವಿರ ವರ್ಷದ ರಾಜ್ಯ ಇವನ್ನು ಹಿಡಿದು ಅವನು ವಾರ ವಾರವೂ ಪ್ರಪಂಚವನ್ನು ಮುಗಿಸಿ, ಮುಂದಿನ ವಾರ ಹೊಸ ಟೈ ಕಟ್ಟಿಕೊಂಡು ಬರುತ್ತಿದ್ದ. ಕಳೆದ ಬೇಸಿಗೆಯಲ್ಲಿ ಅವನಿಗೆ ಸಾವಿರದ ಇನ್ನೂರು ವರ್ಷಗಳ ಹಿಂದಿನ ಒಬ್ಬ ಕ್ರೈಸ್ತ ಸನ್ಯಾಸಿ ಸಿಕ್ಕಿಬಿಟ್ಟ. ಆ ಸನ್ಯಾಸಿ ಅದೇ ಪುಸ್ತಕಕ್ಕೆ ವ್ಯಾಖ್ಯಾನ ಬರೆದಿದ್ದನಂತೆ, ಅದರಲ್ಲಿ ವರ್ಷದ ಲೆಕ್ಕವಿದೆಯಂತೆ, ಆ ಲೆಕ್ಕದ ಪ್ರಕಾರ ಲೋಕಕ್ಕೆ ಇನ್ನು ಮೂರೇ ವರ್ಷವಂತೆ.

ಡ್ವೇನ್ ಓದುವ ಸಾಲುಗಳನ್ನು ತೆರೆಯ ಮೇಲೆ ಹಾಕಬೇಕಿತ್ತು. ಅದಕ್ಕಾಗಿ ಸೌಂದರ್ಯಾ ಆ ವ್ಯಾಖ್ಯಾನದ ಇಂಗ್ಲಿಷ್ ಅನುವಾದ ತರಿಸಿ ಓದಿದಳು. ಸಾವಿರ ವರ್ಷವೆಂದರೆ ಎಣಿಸುವ ಸಾವಿರವಲ್ಲ, ತುಂಬಿದ ಕಾಲ ಎನ್ನುವ ಮಾತು; ಈಗ ನಡೆಯುತ್ತಿರುವುದೇ ಆ ಕಾಲ ಎಂದು ಸನ್ಯಾಸಿ ಬರೆದಿದ್ದ. ಅವಳ ಅವ್ವ “ಸಾವಿರ ಸಲ ಹೇಳೇನಿ ನಿನಗ” ಎಂದು ಗದರುತ್ತಿದ್ದಳು. ಅದನ್ನು ಯಾರು ಕೂತು ಎಣಿಸಿದ್ದರು? ಮೃಗವೆಂದರೆ ಎಲ್ಲೋ ಹುಟ್ಟಲಿರುವ ಒಬ್ಬ ರಾಕ್ಷಸನಲ್ಲ, ದೇವರ ಮನೆಯೊಳಗೇ ಕೂತು ದೇವರ ಹೆಸರಿನಲ್ಲಿ ಕಪಟ ನಡೆಸುವವರ ಇಡೀ ಗುಂಪು ಎಂದೂ ಇತ್ತು. ಅದನ್ನು ಓದಿದ ಮೇಲೆ ಅವಳು ಮಾನಿಟರಿನಲ್ಲಿ ಬಾಯಿ ತೆರೆದು ನಿಂತಿದ್ದ ಡ್ವೇನ್‌ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು.

ವರ್ಷದ ಲೆಕ್ಕದ ಕಥೆ ಇನ್ನೂ ಚೆಂದ. ಲೋಕಕ್ಕೆ ಉಳಿದಿರುವ ವರ್ಷಗಳನ್ನು ಕೆಲವರು ಹೀಗೆ ಎಣಿಸುತ್ತಾರೆ ಎಂದು ಒಂದು ವಾಕ್ಯ. ಇವರು ಮೂಢರು, ದೇವದೂತರಿಗೂ ತಿಳಿಸದ್ದನ್ನು ಇವರ ಕಿವಿಯಲ್ಲಿ ಹೇಳಿದವರು ಯಾರು ಎಂದು ಮರುವಾಕ್ಯ. ಡ್ವೇನ್ ಎರಡನ್ನೂ ಕ್ಯಾಮೆರಾದ ಮುಂದೆ ಒಂದೇ ಗಾಂಭೀರ್ಯದಿಂದ ಓದಿದ್ದ. ಆಮೇಲೆ ಯಾರೋ ಎಚ್ಚರಿಸಿರಬೇಕು, ಎರಡನೆಯದನ್ನು ತೆಗೆಯಿರಿ ಎಂದು ಹೇಳಿ ಕಳಿಸಿದ್ದ.

“ಅರ್ಧಾ ಮಾತ ಇಟ್ಟು ಅರ್ಧಾ ಕತ್ತರಿಸಿದ್ರ, ಪಾಪ ಆ ಸನ್ಯಾಸಿನ ಸುಳ್ಳ ಹೇಳಿದಂಗ ಆಗ್ತದಲ್ರೀ ಸರ” ಎಂದಳು ಸೌಂದರ್ಯಾ.

“ಸತ್ತು ಸಾವಿರ ವರ್ಷ ಆಗಿರೋನು ಕೇಸ್ ಹಾಕ್ತಾನೇನ್ರೀ?” ಎಂದ ಚಂದ್ರಮೋಹನ. “ಕಟ್ ಮಾಡಿ. ಶುಕ್ರವಾರ ಅಪ್‌ಲೋಡ್ ಆಗ್ಬೇಕು.”

ಅವಳು ಕತ್ತರಿಸಲಿಲ್ಲ. ಎರಡನೆಯ ವಾಕ್ಯವನ್ನು ಇನ್ನಷ್ಟು ದಪ್ಪಕ್ಷರದಲ್ಲಿ ಹಾಕಿ, ಯಾರಾದರೂ ಕೆರಳಿಯಾರೆಂದು ಕಾದಳು. ಯಾರೂ ಕೆರಳಲಿಲ್ಲ. ಡ್ವೇನ್ ತನ್ನ ವಿಡಿಯೋ ತಾನು ನೋಡುವವನಲ್ಲ. ಚಂದ್ರಮೋಹನ ನೋಡುವುದು ವ್ಯೂಸ್ ಎಷ್ಟೆಂದು ಮಾತ್ರ. ನೋಡಿದವರು ಕೆಳಗೆ “ಆಮೆನ್” ಎಂದು ಬರೆದರು. “ಯಾವ ತಿಂಗಳು?” ಎಂದು ಕೇಳಿದರು. ಒಬ್ಬ ಪುಣ್ಯಾತ್ಮನಂತೂ ‘ಇವರು ಮೂಢರು’ ಎಂಬ ಸಾಲಿದ್ದ ಚಿತ್ರವನ್ನೇ ಹೆಮ್ಮೆಯಿಂದ ಹಂಚಿಕೊಂಡ. ಹತ್ತಿರದ ಮೆಕಿನ್ನಿ ಊರಿನ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಅಂಕಲ್ “ನಮ್ಮ ಕಲಿಯುಗದ ಲೆಕ್ಕಾನೂ ಇದೇ!” ಎಂದು ಕೈಮುಗಿದರು. ಹಿತ್ತಾಳೆ ಕಿವಿಯೆಂದರೂ ಕಿವಿಯೇ ತಾನೆ, ಇವರಿಗೆ ಅದೂ ಇಲ್ಲ ಎಂದುಕೊಂಡಳು ಸೌಂದರ್ಯಾ.

ಚಾನೆಲ್‌ಗೆ ಬರುವ ಮೇಲ್‌ಗಳಿಗೆ ‘ನಿಮಗಾಗಿ ಪ್ರಾರ್ಥಿಸುತ್ತೇವೆ’ ಎಂದು ಉತ್ತರಿಸುವ ಕೆಲಸವೂ ಅವಳದೇ. ಪಶ್ಚಿಮ ಟೆಕ್ಸಸ್‌ನ ಒಬ್ಬ ಒಂಟಿ ಮುದುಕಿ ಬರೆದಿದ್ದಳು: ಆಲಿಕಲ್ಲು ಮಳೆಗೆ ಮನೆಯ ಚಾವಣಿ ಹಾಳಾಗಿದೆ, ಸೋರುತ್ತಿದೆ, ಲೋಕ ಮೂರು ವರ್ಷಕ್ಕೆ ಮುಗಿಯುವುದಾದರೆ ಹೊಸದು ಹಾಕಿಸಲೋ, ಬಕೆಟ್ ಇಟ್ಟುಕೊಂಡೇ ಕಾಲ ಹಾಕಲೋ?

ಸೌಂದರ್ಯಾ ನಗಬೇಕೆಂದಿದ್ದಳು, ನಗು ಬರಲಿಲ್ಲ. ಅವಳಲ್ಲಿದ್ದ ತಾತ್ಸಾರವೆಲ್ಲ ಟೈ ಕಟ್ಟಿದ ಆ ಒಬ್ಬನ ಕಡೆಗೇ ತಿರುಗಿತು. ‘ಚಾವಣಿ ಹಾಕಿಸಿ. ಗಟ್ಟಿಯಾದದ್ದನ್ನೇ ಹಾಕಿಸಿ. ಆ ಸನ್ಯಾಸಿ ಹೇಳಿದ ಎರಡನೆಯ ವಾಕ್ಯವನ್ನು ಇನ್ನೊಮ್ಮೆ ಕೇಳಿ’ ಎಂದು ಬರೆದು, ತನ್ನ ಹೆಸರನ್ನೂ ಫೋನ್ ನಂಬರನ್ನೂ ಹಾಕಿದಳು.

ಮುದುಕಿ ಸಂತೋಷದಿಂದ ಚರ್ಚಿಗೇ ಫೋನ್ ಮಾಡಿ ಪಾಸ್ಟರ್‌ಗೆ ಕೃತಜ್ಞತೆ ಹೇಳಿಬಿಟ್ಟಳು. ಡ್ವೇನ್ ಕೆಂಡವಾಗಿ ಆಫೀಸಿಗೆ ಬಂದು ಕೂತ.

“ಒಂದ್ಸಲ ಸಾರಿ ಅಂದ್ಬಿಡಿ ಸೌಂದರ್ಯಾ, ಮುಗೀತು” ಎಂದು ಚಂದ್ರಮೋಹನ ಪಿಸುಗುಟ್ಟಿದ.

“ಯಾರಿಗ್ರೀ ಸರ? ಇವಂಗ?” ಎಂದು ಅವಳು ಡ್ವೇನ್‌ನನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. “ಬಾಯಿ ಹೊಲಸು ಮಾಡಿಕೊಳ್ಳೂದಿಲ್ರಿ ನಾ.”

ಹೆಡ್‌ಫೋನ್ ಎತ್ತಿಕೊಂಡು ಹೊರಬಿದ್ದಳು. ಅಂದು ಸಂಜೆಯೇ ವಿಡಿಯೋದಿಂದ ಆ ವಾಕ್ಯ ಮಾಯವಾಯಿತು. ಅವಳು ಟೆಕ್ಸಸ್‌ನಲ್ಲೇ ಇನ್ನೊಂದು ಊರಾದ ರೌಂಡ್ ರಾಕ್‌ಗೆ ಶಿಫ್ಟ್ ಆಗಿ ಟ್ರೇನಿಂಗ್ ವಿಡಿಯೋಗಳ ಕೆಲಸ ಹಿಡಿದಳು.

ಅಲ್ಲಿ ಸೇರಿದ ವಾರವೇ ಫೋನಿಗೆ ಒಂದು ಮೆಸೇಜ್ ಬಂತು. ಕೆಲಸದವರು ಏಣಿ ಹಾಕಿದ್ದಾರೆ, ಚಾವಣಿಗೆ ಬೂದಿ ಬಣ್ಣವೋ ಕಂದು ಬಣ್ಣವೋ ಎಂದು ಕೇಳುತ್ತಿದ್ದಾರೆ, ನೀನೇನು ಹೇಳುತ್ತೀ ಮಗಳೇ, ಎಂದಿತ್ತು. ಸೌಂದರ್ಯಾ ಮನೆಯ ಫೋಟೋ ಕಳಿಸಲು ಹೇಳಿದಳು.