ಅವಕಾಶ ಐತಿ

ಚರ್ಚಿನ ವಾರ್ಷಿಕ ವರದಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನನ್ನ ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ. ಗಡಿಯಾಚೆ, ಮರಾಠಿ ಸೀಮೆಗೆ ಸೇರಿದ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಕಲಿಸಿ, ಮಕ್ಕಳ ವಹಿಗಳಿಗೆಲ್ಲ ಕೆಂಪು ಶಾಯಿ ಬಳಿದು ನಿವೃತ್ತಳಾದ ಮೇಲೆ ನಿರುಮ್ಮಳವಾಗಿ ಕೂಡಬಹುದು ಅಂದುಕೊಂಡಿದ್ದೆ. ಸಭೆಯ ಹಿರಿಯರೊಬ್ಬರು ಬಂದು, “ಬಾಯಾರ, ನೀವು ಕನ್ನಡಾನೂ ಬರೀತೀರಿ, ಮರಾಠೀನೂ ಬರೀತೀರಿ, ನಿಮ್ಮ ಬಿಟ್ರ ಯಾರದಾರ್ರಿ?” ಅಂತ ಉಬ್ಬಿಸಿ, ರಿಜಿಸ್ಟರನ್ನು ನನ್ನ ಕೈಗಿಟ್ಟು ಹೋದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸಿದ ಹೆಂಗಸು ಸಾಯುವ ತನಕ ಬಾಯಾರೇ.

ವರದಿ ಮರಾಠಿಯಲ್ಲಿರಬೇಕು, ಅದು ಜಿಲ್ಲೆಯ ಸಮಿತಿಗೆ ಹೋಗುವುದು. ಎರಡು ಭಾಗ: ವರ್ಷದ ಸೇವೆ, ಮುಂದಿನ ಯೋಜನೆ. ನಮ್ಮದು ತಗಡಿನ ಚಾವಣಿಯ ಒಂದು ಹಾಲು, ಬೆರಳೆಣಿಕೆಯ ಮನೆತನಗಳು, ವಳಸಂಗ ಮತ್ತು ಕರಜಗಿಯಿಂದ ವಡಾಪ್ ಅನ್ನುವ ಬಾಡಿಗೆ ಜೀಪಿನಲ್ಲಿ ಒತ್ತಾಗಿ ಕೂತು ಬರುವ ನಾಲ್ಕೈದು ಜನ. ಜೀಪಿನಲ್ಲಿ ಕನ್ನಡದಲ್ಲಿ ಜಗಳಾಡುತ್ತ ಬರುತ್ತಾರೆ, ಹೊಸ್ತಿಲು ದಾಟಿದ ಕೂಡಲೇ ಮರಾಠಿಗೆ ತಿರುಗುತ್ತಾರೆ. ತಿಂಗಳಿಗೆ ಎರಡು ರವಿವಾರ ಬರುವ ಪಾಸ್ಟರರು ಮರಾಠಿಯವರು, ಹಾಡುಗಳು ಮರಾಠಿ, ಪ್ರಾರ್ಥನೆ ಮರಾಠಿ. ಇದು ತಪ್ಪು ಅಂತ ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ.

ಅನಿಸಿದ್ದು ಅತ್ತೆಯ ದೆಸೆಯಿಂದ. ನನ್ನ ಅತ್ತೆ ವಿಜಾಪುರದ ಕಡೆಯಿಂದ ಈ ಊರಿಗೆ ಮದುವೆಯಾಗಿ ಬಂದವರು. ಅವರದು ಬಜಾರದ ಮರಾಠಿ. ಮೆಣಸಿನಕಾಯಿ ಕೊಳ್ಳಲು ಸಾಕು, ದೇವರ ಹತ್ತಿರ ಮಾತಾಡಲು ಸಾಲದು. ಒಂದು ರವಿವಾರವೂ ತಪ್ಪಿಸಿದವರಲ್ಲ, ಆದರೆ ಅಷ್ಟು ವರ್ಷಗಳಲ್ಲಿ ಚರ್ಚಿನೊಳಗೆ ಅವರ ಬಾಯಿಂದ ಬಂದದ್ದು ಆಮೇನ್ ಒಂದೇ. ನಾನು ಪಕ್ಕದಲ್ಲಿ ಕೂತು ಉಪದೇಶವನ್ನು ಪಿಸುಗುಟ್ಟಿ ಕನ್ನಡದಲ್ಲಿ ಹೇಳುತ್ತಿದ್ದೆ. ನನಗೆ ತಾಳ್ಮೆ ಕಡಿಮೆ, ಅರ್ಧ ತಾಸಿನ ಉಪದೇಶವನ್ನು ನಾಲ್ಕು ಮಾತಿಗೆ ಇಳಿಸುತ್ತಿದ್ದೆ. “ಇಷ್ಟ ಹೇಳಾಕ ಅಷ್ಟೊತ್ತ ಯಾಕ ಬೇಕಾತ ಅವರಿಗೆ?” ಅಂತ ಅತ್ತೆ ಕೇಳುತ್ತಿದ್ದರು.

ಹೋದ ವರ್ಷದ ವರದಿಯಲ್ಲಿ ಮುಂದಿನ ಯೋಜನೆ ಅಂತ ಬರೆಯಲು ಏನೂ ಹೊಳೆಯಲಿಲ್ಲ. ತಗಡು ಬದಲಿಸುವುದನ್ನು ಬರೆದೆ, ಸನಮಡಿ ಹಳ್ಳಿಯ ಮನೆಗಳಿಗೆ ಭೇಟಿ ಕೊಡುವುದನ್ನು ಬರೆದೆ. ಕೊನೆಗೆ, ತಿಂಗಳಿಗೊಮ್ಮೆ, ಪಾಸ್ಟರರು ಬಾರದ ರವಿವಾರ, ಕನ್ನಡದಲ್ಲಿ ಆರಾಧನೆ ನಡೆಸಲು ಅನುಮತಿ ಬೇಕು ಅಂತ ಒಂದು ಸಾಲು ಸೇರಿಸಿದೆ. ಸೇರಿಸಿದ ದಿನದಿಂದ ಚಡಪಡಿಕೆ ಶುರುವಾಯಿತು. ಟಪಾಲಿನವ ನಮ್ಮ ಓಣಿಗೆ ತಿರುಗಿದರೆ ಸಾಕು, ಒಲೆಯ ಮೇಲೆ ರೊಟ್ಟಿ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ.

ಉತ್ತರ ಬಂದದ್ದು ಮಳೆಗಾಲದ ಹೊಸ್ತಿಲಲ್ಲಿ. ತಗಡಿಗೆ ಒಪ್ಪಿಗೆ, ಸನಮಡಿಗೆ ಶುಭಾಶಯ, ಕೆಳಗೆ ಒಂದು ಸಾಲು: ಕನ್ನಡ ಉಪಾಸನೇಲಾ ಅಜೂನ್ ಅವಕಾಶ್ ಆಹೇ.

ಮರಾಠಿ ಬಲ್ಲವರಿಗೆ ಇದರಲ್ಲಿ ಗೊಂದಲವಿಲ್ಲ. ಅವಕಾಶ್ ಆಹೇ ಅಂದರೆ ಸಮಯವಿದೆ, ಇನ್ನೂ ತಡವಿದೆ, ಸದ್ಯಕ್ಕೆ ಬೇಡ. ಕನ್ನಡದಲ್ಲಿ ಅವಕಾಶವಿದೆ ಅಂದರೇನು ಅಂತ ನಾನು ನಿಮಗೆ ಹೇಳಬೇಕಿಲ್ಲ.

ಆ ರವಿವಾರ ಆರಾಧನೆ ಮುಗಿದ ಮೇಲೆ ಸಭೆಯ ಮುಂದೆ ಕಾಗದ ಬಿಚ್ಚಿ ನಿಂತೆ. ತಗಡಿನ ಸುದ್ದಿ ಹೇಳಿದೆ. ಮುಂದಿನ ಸಾಲಿಗೆ ಬಂದಾಗ ಕಾಗದ ಮಡಚತೊಡಗಿದೆ. ಹೆಂಗಸರ ಸಾಲಿನಿಂದ ಅತ್ತೆ, “ಕನ್ನಡದ್ದ ಏನ ಬರದಾರವ್ವಾ?” ಅಂತ ಕೇಳಿದರು. ಅವರು ಮುಖ ಮುಂದೆ ಚಾಚಿ ಕೂತಿದ್ದರು.

“ಅವಕಾಶ ಐತಿ ಅಂತ ಬರದಾರ್ರಿ,” ಅಂದೆ.

ಚಪ್ಪಾಳೆ ಬಿತ್ತು. ಹೊರಗೆ ಚಪ್ಪಲಿ ಮೆಟ್ಟುವಾಗ, ನನಗೆ ರಿಜಿಸ್ಟರು ಕೊಟ್ಟ ಆ ಹಿರಿಯರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. “ಬಾಯಾರ, ಅದು ಅವರ ಅವಕಾಶೋ, ನಮ್ಮ ಅವಕಾಶೋ?”

“ಕಾಗದದಾಗ ಇದ್ದ ಶಬ್ದಾನ ಓದೀನ್ರಿ,” ಅಂದೆ. ಅವರು ಮೀಸೆಯಲ್ಲಿ ನಕ್ಕು ಹೊರಟರು. ಪಾಸ್ಟರರ ಕಿವಿಗೆ ಬಿತ್ತೋ ಇಲ್ಲವೋ, ಕೇಳಲು ನಾನು ಹೋಗಲಿಲ್ಲ.

ಮೊದಲ ಕನ್ನಡ ಆರಾಧನೆಯಲ್ಲಿ, ಪ್ರಾರ್ಥನೆ ಮಾಡುವವರು ಮಾಡಬಹುದು ಅಂದ ಕೂಡಲೇ ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದು ನಿಂತರು. ಸೆರಗು ತಲೆಯ ಮೇಲೆ ಎಳೆದುಕೊಂಡು, ಎದುರಿಗೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ ಮಾತಾಡತೊಡಗಿದರು. ಮಗ್ಗಲು ಮನೆಯವರ ಎಮ್ಮೆ ಸುಸೂತ್ರವಾಗಿ ಈದದ್ದಕ್ಕೆ ಉಪಕಾರ ಹೇಳಿದರು. ಮೊಣಕಾಲಿನ ನೋವು ಹೇಳಿದರು. “ನನ್ನ ಸೊಸಿಗೆ ಒಂದೀಟು ಸಮಾಧಾನ ಕೊಡಪ್ಪಾ, ಅಕಿ ಕುಂತಲ್ಲಿ ಕುಂದ್ರಾಂಗಿಲ್ಲ,” ಅಂದಾಗ ಸಭೆಯೆಲ್ಲ ನಕ್ಕಿತು, ನಾನು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಂತೆ ನಟಿಸಿದೆ.

ಆಮೇಲೆ ಅವರ ದನಿ ಬದಲಾಯಿತು. “ನನ್ನ ಮಗನ್ನ ಕರಕೊಂಡಿ. ಅವತ್ತಿಂದ ನಿನ್ನ ಮ್ಯಾಲ ನನಗ ಭಾಳ ಸಿಟ್ಟೈತಿ. ಇಲ್ಲಿಗೆ ಬಂದ ಬಂದ ಹೋಗೀನಿ, ಹೇಳಾಕ ಬರಲಿಲ್ಲ. ಇವತ್ತ ಹೇಳೀನಿ ನೋಡು.”

ಅವರ ಮಗ ಅಂದರೆ ನನ್ನ ಗಂಡ. ಅವರು ತೀರಿಹೋದ ಮೇಲೆ ನಾವಿಬ್ಬರೂ ಒಂದೇ ಒಲೆಯ ಮುಂದೆ ಕೂತು ಉಂಡಿದ್ದೇವೆ, ಒಂದು ದಿನವೂ ಈ ಮಾತು ಆಡಿರಲಿಲ್ಲ. ಅವರು ಗಟ್ಟಿ ಹೆಂಗಸು ಅಂತ ನಾನು ತಿಳಿದಿದ್ದೆ. ಆ ದಿನ ನಾನು ಸಭೆಯ ನಡುವೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ. ನನ್ನ ಸುಳ್ಳಿನಿಂದ ಈ ಮಾತು ಹೊರಗೆ ಬಂತಲ್ಲ ಅಂತ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಹೀಗೆ ಎಂಟು ತಿಂಗಳು ನಡೆಯಿತು. ಪ್ರತಿ ಸಲವೂ ಅತ್ತೆ ಎದ್ದು ನಿಲ್ಲುತ್ತಿದ್ದರು. ಸಿಟ್ಟು ಸ್ವಲ್ಪ ಸ್ವಲ್ಪ ಇಳಿಯುತ್ತ ಬಂತು, ಮಗನ ಹೆಸರು ಹೇಳುವಾಗ ನಗುವುದನ್ನೂ ಕಲಿತರು. ನಾನು ಮಾತ್ರ ಫೋನ್ ಬಡಿದುಕೊಂಡರೆ ಬೆಚ್ಚುತ್ತಿದ್ದೆ. ಮತ್ತೆ ವರದಿಯ ಹೊತ್ತು ಬಂತು. ಮೊದಲ ಸಲ ಬರೆದಾಗ ‘ವಿಶೇಷ ಪ್ರಾರ್ಥನಾ ಕೂಟ’ ಅಂತ ಬರೆದು ಮುಚ್ಚಿದೆ. ಎರಡನೆಯ ಸಲ ಆ ಸಾಲನ್ನೇ ಬಿಟ್ಟೆ. ಅಳಿಸಿ ಬರೆದ ಮಕ್ಕಳಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಕೊಟ್ಟವಳು ನಾನು. ಮೂರನೆಯ ಸಲ ಎಲ್ಲ ಬರೆದೆ: ಕನ್ನಡ ಆರಾಧನೆ ನಡೆಯಿತು, ಅನುಮತಿ ಇರಲಿಲ್ಲ, ಶಬ್ದದ ಮರಾಠಿ ಅರ್ಥ ಗೊತ್ತಿದ್ದೂ ನಾನು ಕನ್ನಡದ ಅರ್ಥ ಓದಿದೆ. ಮುಂದಿನ ಯೋಜನೆ: ಇದನ್ನು ಮುಂದುವರಿಸುವುದು.

ವಾರ್ಷಿಕ ಸಭೆಗೆ ಸಮಿತಿಯ ಅಧ್ಯಕ್ಷ ಸಾಹೇಬರು ಸಾಂಗಲಿಯಿಂದ ಬಂದರು. ನಾನು ನಿಂತು ಎಲ್ಲ ಓದಿದೆ. ಸಾಹೇಬರು ಸಿಟ್ಟಾಗಲಿಲ್ಲ. ಬೈದಿದ್ದರೆ ನಾನೂ ತಿರುಗಿ ಮಾತಾಡುತ್ತಿದ್ದೆ. ಅವರು ನಕ್ಕು, ಬಾಯಾರ ಭಾಷಾಜ್ಞಾನ ದೊಡ್ಡದು ಅಂತ ಮರಾಠಿಯಲ್ಲಿ ಚೇಷ್ಟೆ ಮಾಡಿದರು. ಆಮೇಲೆ ಸಮಾಧಾನದಿಂದ ತಿಳಿಸಿ ಹೇಳಿದರು: ಊರಿಗೊಂದು ಭಾಷೆ ಕೇಳಿದರೆ ಪಾಸ್ಟರರನ್ನು ಎಲ್ಲಿಂದ ತರುವುದು, ಸದ್ಯಕ್ಕೆ ಇದು ನಿಲ್ಲಲಿ, ಮುಂದಿನ ವರ್ಷ ವಿಚಾರ ಮಾಡೋಣ. ಹಿರಿಯರು ಕಿಟಕಿಯ ಕಡೆ ನೋಡುತ್ತಿದ್ದರು.

“ಏನಂದ್ರವ್ವಾ?” ಅತ್ತೆ ಕೇಳಿದರು. ಮುಖ ಅಂದಿನ ಹಾಗೆಯೇ ಮುಂದೆ ಚಾಚಿತ್ತು.

ಇನ್ನೊಂದು ಸುಳ್ಳು ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ. “ಸದ್ಯಕ್ಕ ಬಂದ್ ಮಾಡ್ರಿ ಅಂದ್ರು ಅತ್ತಿ. ಮುಂದಿನ ವರ್ಷ ನೋಡೂಣು ಅಂದ್ರು.”

ಅತ್ತೆ ಸೆರಗು ಸರಿಮಾಡಿಕೊಂಡರು. “ಹಂಗಾದ್ರ ಬರೂ ಐತವಾರ ನನ್ನ ಎಬ್ಬಸಬ್ಯಾಡ.”

ಇಷ್ಟು ವರ್ಷ ಮರಾಠಿಯವರ ಮಾತನ್ನು ಅತ್ತೆಗೆ ದಾಟಿಸಿದ್ದೆ, ಅತ್ತೆಯ ಒಂದು ಮಾತನ್ನೂ ಅವರಿಗೆ ಮುಟ್ಟಿಸಿರಲಿಲ್ಲ. ಸಾಹೇಬರ ಕಡೆ ತಿರುಗಿ, ನಮ್ಮ ಅತ್ತೆ ಬರುವ ರವಿವಾರ ಚರ್ಚಿಗೆ ತಮ್ಮನ್ನು ಎಬ್ಬಿಸಬೇಡ ಅನ್ನುತ್ತಿದ್ದಾರೆ ಅಂತ ಮರಾಠಿಯಲ್ಲಿ ಹೇಳಿದೆ.

ಸಾಹೇಬರ ನಗು ಹೋಯಿತು. “ಕಾ?” ಅಂತ ಅತ್ತೆಯನ್ನೇ ಕೇಳಿದರು. ಯಾಕೆ ಅನ್ನುವ ಅಷ್ಟು ಮರಾಠಿ ಅತ್ತೆಗೆ ಬರುತ್ತದೆ.

“ಸುಮ್ನ ಕುಂದ್ರಾಕ ಮನ್ಯಾಗ ಜಾಗಾ ಐತ್ರಿ,” ಅಂದರು.

ಅದನ್ನು ಮರಾಠಿ ಮಾಡಿ ಹೇಳಲು ನಾನು ಬಾಯಿ ತೆರೆದೆ. ಸಾಹೇಬರು, ತಿಳಿಯಿತು, ಬೇಡ ಅಂತ ಕೈ ಎತ್ತಿದರು. ನನ್ನ ಕೈಯಿಂದ ವರದಿ ಇಸಿದುಕೊಂಡು, ಮುಂದಿನ ಯೋಜನೆ ಬರೆದಿದ್ದ ಕೊನೆಯ ಹಾಳೆಯನ್ನು ಮೊದಲಿನಿಂದ ಓದತೊಡಗಿದರು.